ಬರಗಾಲದ ಬೆಲೆ: ಧಾತು-ಈಶ್ವರದಿಂದ ಅಗತ್ಯ ವಸ್ತುಗಳ ಕಾಯಿದೆಯವರೆಗೆ



2020ರ ಮಾರ್ಚ್ ತಿಂಗಳನ್ನು ನೀವು ಮರೆತಿರಲಿಕ್ಕಿಲ್ಲ. ಅದುವರೆಗೆ ಆಸ್ಪತ್ರೆಯವರಷ್ಟೇ ಕಟ್ಟಿಕೊಳ್ಳುತ್ತಿದ್ದ ಮಾಸ್ಕ್ ಒಂದೇ ವಾರದಲ್ಲಿ ಊರಿಗೆಲ್ಲ ಬೇಕಾಯಿತು. ನಮ್ಮ ಬೀದಿಯ ಔಷಧ ಅಂಗಡಿಯಲ್ಲಿ ಐದು ರೂಪಾಯಿಯ ಮಾಸ್ಕಿಗೆ ಮೂವತ್ತು ರೂಪಾಯಿ ಕೊಟ್ಟು ತಂದವನು ನಾನು. ಮಾರ್ಚ್ 13ರಂದು ಕೇಂದ್ರ ಸರ್ಕಾರ ಮಾಸ್ಕ್ ಮತ್ತು ಸ್ಯಾನಿಟೈಸರ್‌ಗಳನ್ನು ಜೂನ್ 30ರವರೆಗೆ ‘ಅಗತ್ಯ ವಸ್ತು’ಗಳೆಂದು ಘೋಷಿಸಿತು. 21ರಂದು ಬೆಲೆಯನ್ನೂ ಗೊತ್ತುಪಡಿಸಿತು: ಎರಡು ಪದರದ ಮಾಸ್ಕಿಗೆ 8 ರೂಪಾಯಿ, ಮೂರು ಪದರದ್ದಕ್ಕೆ 10 ರೂಪಾಯಿ, 200 ಮಿಲಿಲೀಟರ್ ಸ್ಯಾನಿಟೈಸರಿಗೆ 100 ರೂಪಾಯಿ. ಅಂಗಡಿಯವನು ಆ ದರಪಟ್ಟಿಯನ್ನು ಗಾಜಿಗೆ ಅಂಟಿಸಿದ. ಆದರೆ ಅಂಗಡಿಯಲ್ಲಿ ಮಾಸ್ಕ್ ಇರಲಿಲ್ಲ. ಹತ್ತು ರೂಪಾಯಿಗೆ ಮಾರಬೇಕೆಂಬ ಹುಕುಂ ಬಂದ ಮೇಲೆ ತನಗೆ ಸರಕೇ ಬರುತ್ತಿಲ್ಲ ಎಂದು ಅವನು ಹೇಳಿದ. ಅದು ನಿಜವೋ ಸುಳ್ಳೋ, ಇಂದಿಗೂ ನನಗೆ ತಿಳಿಯದು.

ಕಷ್ಟಕಾಲದಲ್ಲಿ ಬೆಲೆ ಏರಿಸುವವನನ್ನು ತಡೆಯಬೇಕು ಎಂಬ ಮಾತಿಗೆ ಬಹುಶಃ ಯಾರ ತಕರಾರೂ ಇರಲಾರದು. ಆದರೆ ತಡೆಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ನಮ್ಮ ದೇಶ ತೆತ್ತ ಬೆಲೆ ಅಪಾರ. ಆ ಕತೆಯಲ್ಲಿ ನಮ್ಮ ಮೈಸೂರು ಸೀಮೆಗೂ ಒಂದು ದುಃಖದ ಅಧ್ಯಾಯವಿದೆ. ಅಲ್ಲಿಂದಲೇ ಆರಂಭಿಸೋಣ.

ಹಳೇ ಮೈಸೂರಿನ ಕಡೆ ಹಿರಿಯರು ‘ಧಾತು-ಈಶ್ವರದ ಬರ’ ಎಂದು ಹೇಳುವುದನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಧಾತು ಮತ್ತು ಈಶ್ವರ ಎಂಬುವು ಎರಡು ಸಂವತ್ಸರಗಳ ಹೆಸರು, ಅಂದರೆ 1876-77 ಮತ್ತು 1877-78. ಆಗ ಮೈಸೂರು ಒಡೆಯರ ಕೈಯಲ್ಲಿರಲಿಲ್ಲ. 1831ರಿಂದಲೇ ಆಡಳಿತ ಇಂಗ್ಲಿಷ್ ಕಮಿಷನರುಗಳದ್ದು. 1875ರಲ್ಲೇ ಮಳೆ ಅರೆಬರೆಯಾಗಿತ್ತು. ರೈತರು ಹಗೇವುಗಳಲ್ಲಿ ಹೂತಿಟ್ಟಿದ್ದ ರಾಗಿ ಆ ವರ್ಷವೇ ಬಹುಮಟ್ಟಿಗೆ ಖಾಲಿಯಾಯಿತು. ರಾಗಿಗೆ ಒಂದು ಗುಣವಿದೆ, ಸರಿಯಾಗಿ ಹೂತರೆ ವರ್ಷಗಟ್ಟಲೆ ಕೆಡುವುದಿಲ್ಲ. ಬಡವನ ವಿಮೆಯೆಂದರೆ ಅದೇ. ಆ ವಿಮೆ ಮುಗಿದ ಹೊತ್ತಿಗೆ ಸರಿಯಾಗಿ 1876ರಲ್ಲಿ ಮುಂಗಾರೂ ಹಿಂಗಾರೂ ಎರಡೂ ಕೈಕೊಟ್ಟವು.

ಬೆಲೆ ಏರಿತು. ಒಂದೂವರೆ ಪಟ್ಟು, ಎರಡು ಪಟ್ಟು ಅಲ್ಲ, ಕೂಲಿಯವನ ಕೈಗೆಟುಕದಷ್ಟು ಏರಿತು. ಆಗ ಮೈಸೂರು ಸಂಸ್ಥಾನದಲ್ಲಿ ರೈಲು ಎಂದರೆ ಜೋಲಾರ್‌ಪೇಟೆಯಿಂದ ಬೆಂಗಳೂರಿನವರೆಗೆ 1864ರಲ್ಲಿ ಬಂದ ಮಾರ್ಗ. ಮದ್ರಾಸಿನ ಬಂದರಿಗೆ ಬಂಗಾಳದಿಂದ, ಬರ್ಮಾದಿಂದ ಹಡಗುಗಳಲ್ಲಿ ಅಕ್ಕಿ ಬರುತ್ತಿತ್ತು. ಸಮುದ್ರತೀರದಲ್ಲಿ ಮೂಟೆಗಳ ರಾಶಿ ಬಿದ್ದಿರುತ್ತಿತ್ತು. ಅಲ್ಲಿಂದ ಬೆಂಗಳೂರಿಗೆ ಬಂದ ಧಾನ್ಯ ಒಳನಾಡಿಗೆ ಹೋಗಬೇಕಾದರೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದವು. ಧಾನ್ಯ ಇದ್ದ ಕಡೆ ಕೊಳ್ಳಲು ಹಣವಿಲ್ಲ, ಹಣ ಇದ್ದವನ ಊರಿಗೆ ಗಾಡಿಯಿಲ್ಲ.

ಸರ್ಕಾರ ಏನು ಮಾಡಬಹುದಿತ್ತು? ಇದು ನಾನು ಇಂದು ಕುಳಿತು ಕೇಳುವ ಪ್ರಶ್ನೆಯಲ್ಲ, ಅಂದೇ ಕೇಳಲ್ಪಟ್ಟ ಪ್ರಶ್ನೆ. ಮದ್ರಾಸಿನ ಗವರ್ನರ್ ಆಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕನು 1876ರ ಕೊನೆಯಲ್ಲಿ ಒಂದು ವ್ಯಾಪಾರಿ ಸಂಸ್ಥೆಯ ಮೂಲಕ ಗುಟ್ಟಾಗಿ ಸುಮಾರು 30,000 ಟನ್ ಧಾನ್ಯ ಕೊಂಡು ಇಟ್ಟ. ಕಲ್ಕತ್ತೆಯ ಸರ್ಕಾರ, ಅಂದರೆ ವೈಸ್‌ರಾಯ್ ಲಿಟ್ಟನ್, ಇದನ್ನು ಒಪ್ಪಲಿಲ್ಲ. ಸರ್ಕಾರ ಧಾನ್ಯದ ಪೇಟೆಗೆ ಕಾಲಿಟ್ಟರೆ ಖಾಸಗಿ ವರ್ತಕ ಹಿಂದೆ ಸರಿಯುತ್ತಾನೆ, ಆದ್ದರಿಂದ ಬೆಲೆಗೂ ಕೈ ಹಾಕಬಾರದು, ಖರೀದಿಗೂ ಕೈ ಹಾಕಬಾರದು ಎಂಬುದು ಅವನ ನಿಲುವು. 1877ರ ಜನವರಿ 1ರಂದು ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿಯೆಂದು ಸಾರಲು ದೆಹಲಿಯಲ್ಲಿ ದರ್ಬಾರು ನಡೆಯಿತು. ಅದೇ ತಿಂಗಳು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ವೈಸ್‌ರಾಯ್‌ನ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಕಳುಹಿಸಲಾಯಿತು.

ಈ ಟೆಂಪಲ್‌ನ ಕತೆ ವಿಚಿತ್ರ. ಮೂರು ವರ್ಷ ಹಿಂದೆ, 1873-74ರಲ್ಲಿ ಬಂಗಾಳ-ಬಿಹಾರದಲ್ಲಿ ಬರ ಬಂದಾಗ ಇವನೇ ಬರ್ಮಾದಿಂದ ಸುಮಾರು ನಾಲ್ಕೂವರೆ ಲಕ್ಷ ಟನ್ ಅಕ್ಕಿ ತರಿಸಿ ಹಂಚಿದ್ದ. ಹಸಿವಿನಿಂದ ಸತ್ತವರು ತೀರ ಕಡಿಮೆ. ಮಾಡಬೇಕಾದ ಕೆಲಸವನ್ನು ಮಾಡಿದ್ದಕ್ಕೆ ಅವನಿಗೆ ಸಿಕ್ಕಿದ್ದು ಶಹಬ್ಬಾಸ್ ಅಲ್ಲ, ದುಂದುಗಾರನೆಂಬ ಬಿರುದು. ಪಾಠ ಕಲಿತ ಮನುಷ್ಯ ದಕ್ಷಿಣಕ್ಕೆ ಬಂದಾಗ ತದ್ವಿರುದ್ಧವಾಗಿ ನಡೆದುಕೊಂಡ. ಪರಿಹಾರ ಕಾಮಗಾರಿಯಲ್ಲಿ ಮಣ್ಣು ಹೊರುವವನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಎಂದರೆ ಅರ್ಧ ಕಿಲೋಗಿಂತಲೂ ಕಡಿಮೆ, ಅದರ ಮೇಲೆ ಚಿಲ್ಲರೆ ಕಾಸು, ಇಷ್ಟು ಸಾಕೆಂದ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಇದು ಮನುಷ್ಯನನ್ನು ನಿಧಾನವಾಗಿ ಕೊಲ್ಲುವ ಕೂಲಿಯೆಂದು ವಾದಿಸಿದ. ಮುಂಬಯಿ ಪ್ರಾಂತ್ಯದಲ್ಲಿ ಕಾಮಗಾರಿಯ ಜನ ಕೆಲಸ ಬಿಟ್ಟು ಎದ್ದು ಹೋದರು. ಕೆಲವು ತಿಂಗಳಲ್ಲಿ ಮದ್ರಾಸ್ ಸರ್ಕಾರ ಆ ದರವನ್ನು ಕೈಬಿಟ್ಟಿತು.

ಮೈಸೂರಿನ ಲೆಕ್ಕ ಮಾತ್ರ ಜನಗಣತಿಯಲ್ಲಿ ಉಳಿದಿದೆ. 1871ರಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ 41,86,188. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆಯ ಮಾತು ಬಿಡಿ, ಇದ್ದವರಲ್ಲೇ ಎಂಟು ಲಕ್ಷದ ಅರವತ್ತೊಂಬತ್ತು ಸಾವಿರ ಜನ ಕಡಿಮೆ. ಅದೇ 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗ ಬರದ ಖರ್ಚಿನ ಸಾಲವನ್ನೂ, ಸುಮಾರು 80 ಲಕ್ಷ ರೂಪಾಯಿ, ಜೊತೆಗೆ ಕೊಟ್ಟರು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಲಿಟ್ಟನ್ನನ ನಿಲುವು ಬರೀ ಕ್ರೌರ್ಯದಿಂದ ಹುಟ್ಟಿದ್ದಲ್ಲ, ಅದರ ಹಿಂದೆ ಒಂದು ಶಾಸ್ತ್ರವಿತ್ತು. 1776ರಲ್ಲಿ ಪ್ರಕಟವಾದ ಆಡಂ ಸ್ಮಿತ್‌ನ ‘ವೆಲ್ತ್ ಆಫ್ ನೇಷನ್ಸ್’ ಗ್ರಂಥದಲ್ಲಿ ಧಾನ್ಯ ವ್ಯಾಪಾರದ ಬಗ್ಗೆ ಒಂದು ದೀರ್ಘ ಭಾಗವಿದೆ. ಅಭಾವ ಕ್ಷಾಮವಾಗಿ ತಿರುಗುವುದು ಸರ್ಕಾರಗಳ ಅವಿವೇಕದ ಹಸ್ತಕ್ಷೇಪದಿಂದಲೇ ಎಂಬುದು ಅದರ ಸಾರ. ಬೆಲೆ ಏರಿದರೆ ಜನ ಮಿತವಾಗಿ ಬಳಸುತ್ತಾರೆ, ದೂರದ ವರ್ತಕ ಸರಕು ತರುತ್ತಾನೆ. ಬೆಲೆಯನ್ನು ಕಟ್ಟಿಹಾಕಿದರೆ ಎರಡೂ ನಿಂತುಹೋಗುತ್ತವೆ. ತರ್ಕ ಅಷ್ಟು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ, ನಮ್ಮ ಬೀದಿಯ ಔಷಧ ಅಂಗಡಿಯಲ್ಲಿ ಅದನ್ನು ನಾನೇ ಕಂಡೆನಲ್ಲ! ಆದರೆ ಕಂಪನಿಯ ಅಧಿಕಾರಿಗಳು ಇಂಗ್ಲೆಂಡಿನ ಹೈಲಿಬರಿ ಕಾಲೇಜಿನಲ್ಲಿ ಕಲಿತು ಬಂದ ಈ ಶಾಸ್ತ್ರ ಒಂದನ್ನು ಮರೆತಿತ್ತು. ಕೈಯಲ್ಲಿ ಒಂದಿಷ್ಟು ಕಾಸಿರುವವನಿಗೆ ಮಾತ್ರ ಏರಿದ ಬೆಲೆ ಮಿತವ್ಯಯ ಕಲಿಸುತ್ತದೆ. ಹೊಲದಲ್ಲಿ ಕೆಲಸವೇ ಇಲ್ಲದ ಕೂಲಿಯವನಿಗೆ, ಬಟ್ಟೆ ಕೊಳ್ಳುವವರಿಲ್ಲದ ನೇಕಾರನಿಗೆ ಬೆಲೆ ಎರಡು ಪಟ್ಟಾದರೂ ಒಂದೇ, ಐದು ಪಟ್ಟಾದರೂ ಒಂದೇ. ಅವನು ಪೇಟೆಯ ಲೆಕ್ಕದಲ್ಲಿ ಇರುವುದೇ ಇಲ್ಲ.

ಹಾಗಾದರೆ ಇದಕ್ಕೆ ಮೊದಲು ಈ ದೇಶದಲ್ಲಿ ಬರದ ಬೆಲೆಯನ್ನು ಹಿಡಿದಿಟ್ಟವರು ಇರಲಿಲ್ಲವೇ ಎಂದು ನೀವು ಕೇಳಬಹುದು. ಇದ್ದರು. ಶಾಲೆಯ ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿಸುವ ಅಲ್ಲಾವುದ್ದೀನ್ ಖಲ್ಜಿಯ ಮಾರುಕಟ್ಟೆ ಸುಧಾರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಇಲ್ಲಿ ಉಪಯುಕ್ತ. ಜಿಯಾವುದ್ದೀನ್ ಬರನಿ ತನ್ನ ‘ತಾರೀಖೆ ಫೀರೋಜ್‌ಶಾಹಿ’ಯಲ್ಲಿ ದೆಹಲಿಯ ದರಗಳನ್ನು ಬರೆದಿಟ್ಟಿದ್ದಾನೆ: ಒಂದು ಮಣ ಗೋಧಿಗೆ ಏಳೂವರೆ ಜಿತಾಲ್, ಬಾರ್ಲಿಗೆ ನಾಲ್ಕು, ಅಕ್ಕಿಗೆ ಐದು, ಕಡಲೆಗೆ ಐದು. (ಅಂದಿನ ಮಣ ನಮ್ಮ ಅಜ್ಜಂದಿರ ಕಾಲದ ಸರ್ಕಾರಿ ಮಣಕ್ಕಿಂತ ಬಹಳ ಚಿಕ್ಕದು ಎಂಬುದು ನೆನಪಿರಲಿ.) ಆದರೆ ದರಪಟ್ಟಿಯನ್ನು ಯಾವ ಸುಲ್ತಾನನೂ ಬರೆಸಬಹುದು. ಅಲ್ಲಾವುದ್ದೀನ್ ಅದರ ಜೊತೆಗೆ ಇನ್ನೂ ಏನೇನು ಮಾಡಿದನೆಂಬುದು ಮುಖ್ಯ. ದೋಆಬ್ ಪ್ರದೇಶದ ಖಾಲ್ಸಾ ಭೂಮಿಯ ಕಂದಾಯವನ್ನು ಧಾನ್ಯದ ರೂಪದಲ್ಲೇ ವಸೂಲು ಮಾಡಿ ದೆಹಲಿಯ ಕಣಜಗಳಲ್ಲಿ ತುಂಬಿಸಿದ. ಧಾನ್ಯ ಸಾಗಿಸುವ ವರ್ತಕರನ್ನು ಹೆಂಡಿರು ಮಕ್ಕಳ ಸಮೇತ ಯಮುನೆಯ ದಡದಲ್ಲಿ ನೆಲೆಗೊಳಿಸಿ ಅವರ ಮೇಲೆ ನಿಗಾ ಇಟ್ಟ. ಮಲಿಕ್ ಕಬೂಲ್ ಎಂಬವನನ್ನು ಮಂಡಿಯ ಮೇಲ್ವಿಚಾರಕನಾಗಿ, ಶಹನಾ ಆಗಿ ನೇಮಿಸಿದ. ಕೊಂಡು ಕೂಡಿಟ್ಟು ಮಾರುವುದನ್ನು ನಿಷೇಧಿಸಿದ. ಪೇಟೆಯ ಸುದ್ದಿಯನ್ನು ದಿನವೂ ಬೇರೆ ಬೇರೆ ಮೂಲಗಳಿಂದ ತರಿಸಿಕೊಂಡು ತಾಳೆ ನೋಡುತ್ತಿದ್ದ. ಮಳೆ ಕೈಕೊಟ್ಟ ವರ್ಷ ಮೊಹಲ್ಲಾದ ಅಂಗಡಿಯವರಿಗೆ ಅಲ್ಲಿನ ಜನಸಂಖ್ಯೆಗೆ ತಕ್ಕಂತೆ ಸರ್ಕಾರಿ ಕಣಜದಿಂದ ದಿನದ ಧಾನ್ಯ ಕೊಡಲಾಗುತ್ತಿತ್ತು. ಒಬ್ಬ ಗಿರಾಕಿ ಒಮ್ಮೆಗೆ ಅರ್ಧ ಮಣಕ್ಕಿಂತ ಹೆಚ್ಚು ಕೊಳ್ಳುವಂತಿರಲಿಲ್ಲ. ಮಳೆಯಿಲ್ಲವೆಂದು ದರವನ್ನು ಅರ್ಧ ಜಿತಾಲ್ ಏರಿಸೋಣವೇ ಎಂದು ಕೇಳಿದ್ದಕ್ಕೆ ಸ್ವತಃ ಶಹನಾನೇ ಛಡಿಯೇಟು ತಿಂದನೆಂದು ಬರನಿ ಹೇಳುತ್ತಾನೆ.

ಇದನ್ನು ಹೊಗಳುವ ಭರದಲ್ಲಿ ನಾವು ಕಣ್ಣು ಮುಚ್ಚಿಕೊಳ್ಳಬಾರದು. ಇದೆಲ್ಲ ಬಡವರ ಮೇಲಿನ ಮಮತೆಯಿಂದ ನಡೆದದ್ದೆಂದು ನಾನು ನಂಬುವುದಿಲ್ಲ. ಮಂಗೋಲರ ಎದುರು ದೊಡ್ಡ ಸೈನ್ಯ ಬೇಕಿತ್ತು, ಸಿಪಾಯಿಯ ಸಂಬಳ ಕಡಿಮೆ ಇರಬೇಕಾದರೆ ಗೋಧಿ ಅಗ್ಗವಾಗಿರಬೇಕಿತ್ತು. ದೆಹಲಿಯ ಅಗ್ಗದ ರೊಟ್ಟಿಯ ಹಿಂದೆ ಬೆಳೆಯ ಅರ್ಧವನ್ನು ಕಂದಾಯವಾಗಿ ಕೊಟ್ಟ ದೋಆಬ್‌ನ ರೈತನ ಬೆವರಿತ್ತು. 1316ರಲ್ಲಿ ಸುಲ್ತಾನ ಸತ್ತ ಬಳಿಕ ಇಡೀ ವ್ಯವಸ್ಥೆ ಬಲುಬೇಗ ಕುಸಿಯಿತು. ಆದರೂ ದರವನ್ನು ಗೊತ್ತುಪಡಿಸುವವನ ಹಿಂದೆ ತುಂಬಿದ ಕಣಜವಿರಬೇಕು ಎಂಬುದನ್ನು ಅವನು ತಿಳಿದಿದ್ದ. ಮುಂದೆ ಆರುನೂರು ವರ್ಷಗಳ ಬಳಿಕ ಬಂದವರು ಅದನ್ನು ಮರೆತದ್ದರ ಫಲವನ್ನು ಸ್ವಲ್ಪದರಲ್ಲೇ ನೋಡಲಿದ್ದೀರಿ.

ಇಸ್ಲಾಮೀ ನ್ಯಾಯಶಾಸ್ತ್ರದಲ್ಲೂ ಈ ಪ್ರಶ್ನೆ ಹಳೆಯದು. ಮದೀನಾದಲ್ಲಿ ಬೆಲೆ ಏರಿದಾಗ ಜನರು ದರ ಗೊತ್ತುಪಡಿಸಲು ಕೇಳಿಕೊಂಡರೂ ಪ್ರವಾದಿಯವರು (ಸ) ಒಪ್ಪಲಿಲ್ಲವೆಂಬ ಹದೀಸ್ ನಮ್ಮಲ್ಲಿ ಅನೇಕರಿಗೆ ಗೊತ್ತು. ಅದೇ ವೇಳೆಗೆ ಬೆಲೆ ಏರಲೆಂದು ಆಹಾರವನ್ನು ಕೂಡಿಡುವ ‘ಇಹ್ತಿಕಾರ್’ ಪಾಪವೆಂದೂ ಹದೀಸ್ ಇದೆ. ಮೇಲ್ನೋಟಕ್ಕೆ ಇವೆರಡೂ ಎದುರುಬದುರಾಗಿ ನಿಂತಂತೆ ಕಾಣುತ್ತವೆ. 1328ರಲ್ಲಿ ನಿಧನರಾದ ಇಬ್ನ್ ತೈಮಿಯಾ ‘ಹಿಸ್ಬಾ’ ಕುರಿತ ತಮ್ಮ ಗ್ರಂಥದಲ್ಲಿ ಎರಡನ್ನೂ ಬಿಡಿಸಿ ಹೇಳುತ್ತಾರೆ: ಸರಕು ನಿಜವಾಗಿ ಕಡಿಮೆಯಾಗಿ ಅಥವಾ ಗಿರಾಕಿಗಳು ಹೆಚ್ಚಾಗಿ ಬೆಲೆ ಏರಿದರೆ ವರ್ತಕನನ್ನು ಬಲವಂತಪಡಿಸುವುದು ಅನ್ಯಾಯ, ಜನಕ್ಕೆ ಅತ್ಯಗತ್ಯವಾದದ್ದನ್ನು ಕೈಯಲ್ಲಿಟ್ಟುಕೊಂಡು ಮಾರಲು ನಿರಾಕರಿಸುವವನನ್ನು ನ್ಯಾಯವಾದ ಬೆಲೆಗೆ ಮಾರುವಂತೆ ಮಾಡುವುದು ಅಧಿಕಾರಿಯ ಹೊಣೆ. ಅಲ್ಲಾವುದ್ದೀನ್ ಮತ್ತು ಈ ವಿದ್ವಾಂಸರು ಸಮಕಾಲೀನರು, ಇಬ್ಬರೂ ಒಂದೇ ಪ್ರಶ್ನೆಯ ಸುತ್ತ ಇದ್ದರು ಎಂಬುದು ಕುತೂಹಲದ ಸಂಗತಿ.

ಇನ್ನು ನಮ್ಮ ಬರಕ್ಕೆ ಹಿಂದಿರುಗೋಣ. ಧಾತು-ಈಶ್ವರದ ಮರಣಗಳು ಲಂಡನ್ನಿನಲ್ಲೂ ಮುಜುಗರ ತಂದವು. ರಿಚರ್ಡ್ ಸ್ಟ್ರೇಚಿ ಎಂಬವನ ಅಧ್ಯಕ್ಷತೆಯ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಅದರ ಆಧಾರದ ಮೇಲೆ 1883ರಲ್ಲಿ ಕ್ಷಾಮ ಸಂಹಿತೆ ಬಂತು, ಪ್ರಾಂತ್ಯಗಳು ತಮ್ಮ ತಮ್ಮ ಸಂಹಿತೆಗಳನ್ನು ಮಾಡಿಕೊಂಡವು. ಈ ಸಂಹಿತೆಯಲ್ಲಿ ಒಂದು ವಿಶೇಷವಿದೆ. ಧಾನ್ಯದ ಬೆಲೆಯೇರಿಕೆಯನ್ನು ಅದು ಅಪಾಯದ ಗಂಟೆಯೆಂದು ಪರಿಗಣಿಸಿತು. ಬೆಲೆ ಏರುತ್ತಿದೆಯೇ, ಜನ ಊರು ಬಿಟ್ಟು ಅಲೆಯುತ್ತಿದ್ದಾರೆಯೇ, ಸಣ್ಣ ಕಳ್ಳತನಗಳು ಹೆಚ್ಚುತ್ತಿವೆಯೇ ಎಂದು ಕಲೆಕ್ಟರನು ನೋಡುತ್ತಿರಬೇಕು. ಗಂಟೆ ಬಾರಿಸಿದರೆ ಸರ್ಕಾರ ಕ್ಷಾಮವನ್ನು ‘ಘೋಷಿಸಬೇಕು’, ಕೂಲಿ ಕೆಲಸ ಕೊಡಬೇಕು, ದುಡಿಯಲಾರದವರಿಗೆ ಗಂಜಿ ಹಾಕಬೇಕು. ಗಂಟೆಯನ್ನು ಕೇಳಿಸಿಕೊಳ್ಳಲು ಹೇಳಿತೇ ಹೊರತು ಬಾರಿಸುವವನ ಕೈ ಹಿಡಿಯಲು ಹೇಳಲಿಲ್ಲ. ವರ್ತಕನಿಗೆ ಸ್ವಾತಂತ್ರ್ಯ ಹಾಗೆಯೇ ಉಳಿಯಿತು. ಆದರೆ ಬಡವನ ಕೈಗೆ ಕಾಸು ಕೊಡುವ ಏರ್ಪಾಡಾಯಿತು. ಅದೇನೂ ಕಡಿಮೆ ಸುಧಾರಣೆಯಲ್ಲ.

‘ಘೋಷಣೆ’ ಎಂಬ ಆ ಪದವನ್ನು ದಯವಿಟ್ಟು ನೆನಪಿನಲ್ಲಿಡಿ. ಅರವತ್ತು ವರ್ಷಗಳ ನಂತರ ಇಡೀ ಸಂಹಿತೆ ಸೋತದ್ದು ಆ ಒಂದು ಪದದಲ್ಲಿ.

1942ರ ವಸಂತಕ್ಕೆ ಬರ್ಮಾ ಜಪಾನಿಯರ ಪಾಲಾಯಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಜಪಾನಿಯರ ಕೈಗೆ ಸಿಗಬಾರದೆಂದು ಬಂಗಾಳದ ಕರಾವಳಿಯ ಜಿಲ್ಲೆಗಳಲ್ಲಿ ಸರ್ಕಾರವೇ ಅಕ್ಕಿಯನ್ನು ಸಾಗಿಸಿತು, ದೋಣಿಗಳನ್ನು ಕಿತ್ತುಕೊಂಡಿತು. ಅಕ್ಟೋಬರಿನಲ್ಲಿ ಚಂಡಮಾರುತ ಮಿಡ್ನಾಪುರವನ್ನು ಹಾಳುಗೆಡವಿತು. ಬೆಲೆ ಹಿಡಿಯುವ ಪ್ರಯತ್ನ ಇದಕ್ಕೆ ಮೊದಲೇ ಆಗಿತ್ತು. ಯುದ್ಧಕಾಲದ ಭಾರತ ರಕ್ಷಣಾ ನಿಯಮಗಳ ಬಲದಿಂದ ಬಂಗಾಳ ಸರ್ಕಾರ 1942ರ ಜುಲೈ 1ರಿಂದ ಅಕ್ಕಿಗೆ ಗರಿಷ್ಠ ದರ ಗೊತ್ತುಪಡಿಸಿತು. ಫಲವೇನು ಗೊತ್ತೇ? ಅಕ್ಕಿಯೇ ಪೇಟೆಯಿಂದ ಮಾಯವಾಯಿತು. ಸರ್ಕಾರದ ಉಗ್ರಾಣದಲ್ಲಿ ಅಕ್ಕಿ ಇರಲಿಲ್ಲ. ದರಪಟ್ಟಿ ಇತ್ತು, ಕಣಜ ಇರಲಿಲ್ಲ. ಅಲ್ಲಾವುದ್ದೀನನ ಶಹನಾ ನಕ್ಕುಬಿಡುತ್ತಿದ್ದನೇನೋ.

ಒಂದು ತುದಿಯಲ್ಲಿ ಸೋತ ಸರ್ಕಾರ ಇನ್ನೊಂದು ತುದಿಗೆ ಹಾರಿತು. 1943ರ ಮಾರ್ಚ್ 11ರಂದು ದರ ನಿಯಂತ್ರಣವನ್ನೇ ತೆಗೆದುಹಾಕಿತು. 1942ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಮಣಕ್ಕೆ 13-14 ರೂಪಾಯಿ ಇದ್ದ ಅಕ್ಕಿ ಮಾರ್ಚ್ 12ಕ್ಕೆ 21 ರೂಪಾಯಿ, ಮೇ ತಿಂಗಳಿಗೆ 30ರ ಮೇಲೆ, ಆಗಸ್ಟಿಗೆ 37. ಯುದ್ಧದ ಕಾರ್ಖಾನೆಗಳ ನೌಕರರಿಗೆ ಅಗ್ಗದ ಅಕ್ಕಿಯ ಏರ್ಪಾಡಿತ್ತು. ಹಳ್ಳಿಯ ಕೂಲಿಯವರು, ಮೀನುಗಾರರು, ದೋಣಿ ಕಳೆದುಕೊಂಡ ಅಂಬಿಗರು ಕಲ್ಕತ್ತೆಯ ಕಾಲುದಾರಿಗಳಲ್ಲಿ ಬಂದು ಮಲಗಿ ಸತ್ತರು. ಆಗಸ್ಟ್ 22ರಂದು ‘ಸ್ಟೇಟ್ಸ್‌ಮನ್’ ಪತ್ರಿಕೆ ಆ ಚಿತ್ರಗಳನ್ನು ಅಚ್ಚು ಹಾಕುವವರೆಗೆ ಹೊರಜಗತ್ತಿಗೆ ಸಂಗತಿಯ ಭೀಕರತೆ ತಿಳಿಯಲಿಲ್ಲ. ಸತ್ತವರು ಹದಿನೈದು ಲಕ್ಷವೆಂದು 1945ರ ವಿಚಾರಣಾ ಆಯೋಗ ಅಂದಾಜಿಸಿತು. ನಂತರದ ವಿದ್ವಾಂಸರ ಲೆಕ್ಕ ಮೂವತ್ತು ಲಕ್ಷದವರೆಗೆ ಹೋಗುತ್ತದೆ.

ಇಷ್ಟೆಲ್ಲ ಆದರೂ ಬಂಗಾಳದಲ್ಲಿ ಕ್ಷಾಮವನ್ನು ಘೋಷಿಸಲೇ ಇಲ್ಲ. ಹೌದು, 1883ರಿಂದ ಇದ್ದ ಸಂಹಿತೆ ಮೇಜಿನ ಖಾನೆಯಲ್ಲೇ ಉಳಿಯಿತು. ಕಾರಣವನ್ನು ಹಂಗಾಮಿ ಗವರ್ನರ್ ರದರ್‌ಫರ್ಡ್ ಆ ಅಕ್ಟೋಬರಿನಲ್ಲಿ ವೈಸ್‌ರಾಯ್‌ಗೆ ಬರೆದ ಪತ್ರದಲ್ಲಿ ತಿಳಿಸಿದ್ದ: ಘೋಷಿಸಿದರೆ ಸಂಹಿತೆಯಲ್ಲಿ ಹೇಳಿದಷ್ಟು ಆಹಾರವನ್ನು ಕೊಡಬೇಕಾಗುತ್ತದೆ, ಕೊಡಲು ನಮ್ಮಲ್ಲಿಲ್ಲ. ನೋಡಿ, ಜನರಿಗೆ ಹಕ್ಕು ಕೊಡುವ ಪದವನ್ನು ಉಚ್ಚರಿಸದಿದ್ದರೆ ಹಕ್ಕೂ ಇಲ್ಲ, ಹೊಣೆಯೂ ಇಲ್ಲ! ನನ್ನ ವಿದ್ಯಾರ್ಥಿಗಳಿಗೆ ಈ ಭಾಗ ಕಲಿಸುವಾಗಲೆಲ್ಲ ತರಗತಿ ಸುಮ್ಮನಾಗುತ್ತಿತ್ತು.

1943ರ ಅಕ್ಟೋಬರಿನಲ್ಲಿ ದಾಸ್ತಾನು ಮತ್ತು ಅತಿಲಾಭ ತಡೆಯುವ ಒಂದು ಸುಗ್ರೀವಾಜ್ಞೆ ದೇಶಕ್ಕೆಲ್ಲ ಬಂತು. ಕಲ್ಕತ್ತೆಗೆ ಪಡಿತರ ಬಂದದ್ದು 1944ರ ಜನವರಿ ಕೊನೆಯಲ್ಲಿ. ಯುದ್ಧ ಮುಗಿದ ಮೇಲೆ ರಕ್ಷಣಾ ನಿಯಮಗಳು ಬಿದ್ದುಹೋಗುವುದರಿಂದ 1946ರಲ್ಲಿ ಅಗತ್ಯ ಸರಬರಾಜುಗಳ ತಾತ್ಕಾಲಿಕ ಅಧಿಕಾರ ಕಾಯಿದೆ ಮಾಡಿದರು. ಸ್ವಾತಂತ್ರ್ಯ ಬಂದ ಕೂಡಲೇ ಮತ್ತೊಂದು ಚರ್ಚೆ. ನಿಯಂತ್ರಣದಿಂದ ಕಾಳಸಂತೆ ಬೆಳೆಯುತ್ತದೆ, ಜನರು ಸುಳ್ಳು ಹೇಳಲು ಕಲಿಯುತ್ತಾರೆ, ಅದನ್ನು ಕಿತ್ತುಹಾಕಿ ಎಂದು ಗಾಂಧೀಜಿ ಒತ್ತಾಯಿಸಿದರು. 1947ರ ಡಿಸೆಂಬರಿನಲ್ಲಿ ನಿಯಂತ್ರಣ ಸಡಿಲವಾಯಿತು. ಬೆಲೆ ಜಿಗಿಯಿತು. 1948ರಲ್ಲಿ ಮತ್ತೆ ಹೇರಲಾಯಿತು. ತಾತ್ಕಾಲಿಕವೆಂದು ಹುಟ್ಟಿದ್ದು ಕೊನೆಗೆ 1955ರ ಅಗತ್ಯ ವಸ್ತುಗಳ ಕಾಯಿದೆಯಾಗಿ ಶಾಶ್ವತವಾಯಿತು. ಬೆಲೆ ಗೊತ್ತುಪಡಿಸುವ, ದಾಸ್ತಾನಿಗೆ ಮಿತಿ ಹಾಕುವ, ಕೂಡಿಟ್ಟದ್ದನ್ನು ಮಾರಲು ಆಜ್ಞಾಪಿಸುವ ಅಧಿಕಾರ ಅದರಲ್ಲಿದೆ. ಉಲ್ಲಂಘಿಸಿದವನಿಗೆ ಏಳು ವರ್ಷದವರೆಗೆ ಸೆರೆವಾಸ. 1965ರಲ್ಲಿ ಭಾರತ ಆಹಾರ ನಿಗಮ ಬಂದ ಮೇಲೆ ದರಪಟ್ಟಿಯ ಹಿಂದೆ ಕಣಜವೂ ಬಂತೆನ್ನಬಹುದು.

ಘೋಷಣೆಯ ವಿಷಯದಲ್ಲಿ ಮಾತ್ರ ಹಳೆಯ ಹಿಂಜರಿಕೆ ಹಾಗೆಯೇ ಉಳಿಯಿತು. 1967ರ ಏಪ್ರಿಲ್ 20ರಂದು ಬಿಹಾರದ ಸರ್ಕಾರ ಕ್ಷಾಮ ಎಂಬ ಪದವನ್ನು ಅಧಿಕೃತವಾಗಿ ಉಚ್ಚರಿಸಿದ್ದೇ ಒಂದು ದೊಡ್ಡ ಸುದ್ದಿಯಾಗಿತ್ತು. ಮಹಾರಾಷ್ಟ್ರವಂತೂ 1963ರಲ್ಲಿ ತನ್ನ ಕಾನೂನುಗಳಿಂದ ‘ಕ್ಷಾಮ’ ಎಂಬ ಪದವನ್ನೇ ಅಳಿಸಿಹಾಕಲು ಒಂದು ಕಾಯಿದೆ ಮಾಡಿತು. ಇನ್ನು ಮುಂದೆ ಬರುವುದು ‘ಅಭಾವ’ ಮಾತ್ರ, ಕ್ಷಾಮವಲ್ಲ! ಹತ್ತು ವರ್ಷ ಕಳೆಯುವಷ್ಟರಲ್ಲಿ 1972ರ ಭೀಕರ ಬರ ಅದೇ ರಾಜ್ಯಕ್ಕೆ ಬಂತು.

ಘೋಷಣೆಯನ್ನೇ ಕಾನೂನಿನ ಗುಂಡಿಯಾಗಿ ಮಾಡಿಕೊಂಡ ದೇಶವೆಂದರೆ ಅಮೆರಿಕ. ಪೇಟೆಯ ಸ್ವಾತಂತ್ರ್ಯದ ತವರೆಂದು ನಾವು ಭಾವಿಸುವ ಆ ದೇಶದಲ್ಲಿ 1979ರಲ್ಲಿ ನ್ಯೂಯಾರ್ಕ್ ರಾಜ್ಯ, ಹಿಂದಿನ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಎಣ್ಣೆಯ ಬೆಲೆ ಏರಿದ್ದರಿಂದ, ವಿಪತ್ತಿನ ಕಾಲದ ಸುಲಿಗೆ ತಡೆಯುವ ಕಾನೂನು ಮಾಡಿತು. 1992ರಲ್ಲಿ ಆಂಡ್ರ್ಯೂ ಚಂಡಮಾರುತದ ನಂತರ ಫ್ಲೋರಿಡಾ, 1994ರಲ್ಲಿ ನಾರ್ತ್‌ರಿಡ್ಜ್ ಭೂಕಂಪದ ನಂತರ ಕ್ಯಾಲಿಫೋರ್ನಿಯಾ ಅದೇ ದಾರಿ ಹಿಡಿದವು. ಕ್ಯಾಲಿಫೋರ್ನಿಯಾದ ಕಾನೂನು ಸರಳ. ಗವರ್ನರ್ ತುರ್ತು ಪರಿಸ್ಥಿತಿ ಘೋಷಿಸಿದ ಕ್ಷಣದಿಂದ ಹಿಂದಿನ ಬೆಲೆಗಿಂತ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಿಸುವಂತಿಲ್ಲ. ವರ್ತಕನ ಖರ್ಚೇ ಏರಿದ್ದರೆ ಅದನ್ನು ಅವನು ತೋರಿಸಿ ಸೇರಿಸಿಕೊಳ್ಳಬಹುದು. ಅದು ಆಹಾರ, ಔಷಧಕ್ಕೆ ಮಾತ್ರವಲ್ಲ, ಹೋಟೆಲ್ ಕೊಠಡಿಗೂ ಮನೆ ಬಾಡಿಗೆಗೂ ಮನೆ ದುರಸ್ತಿಯ ಕೂಲಿಗೂ ಅನ್ವಯಿಸುತ್ತದೆ. 2025ರ ಜನವರಿಯಲ್ಲಿ ಲಾಸ್ ಏಂಜಲಿಸ್ ಬೆಂಕಿಯಲ್ಲಿ ಮನೆ ಕಳೆದುಕೊಂಡವರಿಂದ ಹೆಚ್ಚು ಬಾಡಿಗೆ ಕೇಳಿದವರ ಮೇಲೆ ಇದೇ ಕಾನೂನಿನಡಿ ಮೊಕದ್ದಮೆಗಳಾದವು. ಅಲ್ಲಿಯೂ ಅರ್ಥಶಾಸ್ತ್ರಜ್ಞರು ಸ್ಮಿತ್‌ನ ಮಾತನ್ನೇ ಎತ್ತಿ ಈ ಕಾನೂನುಗಳನ್ನು ಟೀಕಿಸುತ್ತಾರೆ. ಮಿತಿಯೊಂದನ್ನು ಇಟ್ಟು ಖರ್ಚಿನ ಏರಿಕೆಗೆ ಬಾಗಿಲು ತೆರೆದಿಡುವುದು ಆ ಟೀಕೆಗೆ ಕೊಟ್ಟ ಉತ್ತರವೆಂದೇ ನನಗೆ ತೋರುತ್ತದೆ.

ನಮ್ಮಲ್ಲಿ 2020ರಲ್ಲಿ ಇದರ ಹತ್ತಿರದ ಒಂದು ಪ್ರಯೋಗ ನಡೆಯಿತು. ಅಗತ್ಯ ವಸ್ತುಗಳ ಕಾಯಿದೆಗೆ ತಂದ ತಿದ್ದುಪಡಿಯ ಪ್ರಕಾರ ಧಾನ್ಯ, ಬೇಳೆ, ಈರುಳ್ಳಿ ಮುಂತಾದುವನ್ನು ಸರ್ಕಾರ ನಿಯಂತ್ರಿಸಬಹುದಾದದ್ದು ಯುದ್ಧ, ಕ್ಷಾಮ, ಅಸಾಧಾರಣ ಬೆಲೆಯೇರಿಕೆ, ಗಂಭೀರ ನೈಸರ್ಗಿಕ ವಿಕೋಪಗಳಲ್ಲಿ ಮಾತ್ರ. ದಾಸ್ತಾನಿಗೆ ಮಿತಿ ಹಾಕಬೇಕಾದರೆ ತೋಟದ ಬೆಳೆಯ ಬೆಲೆ ನೂರಕ್ಕೆ ನೂರು, ಕೆಡದ ಧಾನ್ಯದ್ದು ನೂರಕ್ಕೆ ಐವತ್ತು ಏರಿರಬೇಕು. ಕ್ಯಾಲಿಫೋರ್ನಿಯಾದ ಹತ್ತನ್ನು ನಮ್ಮ ಐವತ್ತು, ನೂರರ ಪಕ್ಕದಲ್ಲಿಟ್ಟು ನೋಡಿ. ಮೂರು ಕೃಷಿ ಕಾನೂನುಗಳಲ್ಲಿ ಇದೂ ಒಂದಾಗಿದ್ದರಿಂದ ರೈತರ ಚಳವಳಿಯ ನಡುವೆ 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಹಿಡಿಯಿತು, ವರ್ಷದ ಕೊನೆಯಲ್ಲಿ ಸಂಸತ್ತು ರದ್ದುಪಡಿಸಿತು. 1955ರ ಹಳೆಯ ರೂಪವೇ ಮರಳಿ ಬಂತು.

ಆ ಹಳೆಯ ರೂಪದ ಪಟ್ಟಿಯನ್ನು ಒಮ್ಮೆ ಓದಿ ನೋಡಿ: ಔಷಧ, ಗೊಬ್ಬರ, ಖಾದ್ಯ ತೈಲ ಸೇರಿದಂತೆ ಆಹಾರ ಪದಾರ್ಥ, ಹತ್ತಿಯ ನೂಲು, ಪೆಟ್ರೋಲಿಯಂ, ಸೆಣಬು, ಬೀಜ. ಬೇರೆ ವಸ್ತುವನ್ನು ಅಗತ್ಯ ಬಿದ್ದಾಗ ಸ್ವಲ್ಪ ಕಾಲಕ್ಕೆ ಸೇರಿಸಬಹುದು, ಮಾಸ್ಕ್ ಸೇರಿದ್ದು ಹಾಗೆಯೇ. ಆದರೆ ಪಟ್ಟಿ ಇರುವುದು ವಸ್ತುಗಳಿಗೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳು ಮಳೆನೀರಿನಲ್ಲಿ ಮುಳುಗಿದಾಗ ಮನೆ ಬಿಟ್ಟು ಬಂದವರಿಗೆ ಹೋಟೆಲ್ ಕೊಠಡಿಯ ಬಾಡಿಗೆ ಹಲವು ಪಟ್ಟು ಏರಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಕೊಠಡಿ ಆ ಪಟ್ಟಿಯಲ್ಲಿಲ್ಲ. ದೋಣಿಯ ಬಾಡಿಗೆಯಿಲ್ಲ, ಆಂಬುಲೆನ್ಸಿನ ಬಾಡಿಗೆಯಿಲ್ಲ, ನೆಂಟರ ಊರಿಗೆ ಓಡಿಹೋಗಲು ಹಿಡಿಯುವ ಟ್ಯಾಕ್ಸಿಯ ಬಾಡಿಗೆಯೂ ಇಲ್ಲ. ಅದು ಬರಗಾಲದ ನೆನಪಿನಿಂದ ಹುಟ್ಟಿದ ಪಟ್ಟಿ. ಅದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಕಲ್ಕತ್ತೆಯ ಕಾಲುದಾರಿ, ಅಕ್ಕಿಯ ಮೂಟೆ.